ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ಜನವರಿಯ ಒಂದು ರಾತ್ರಿ ಮಿನಿಯಾಪೊಲಿಸ್‌ನಿಂದ ಭಾವ ಫೋನ್ ಮಾಡಿದರು. ಹೊರಗೆ ಮೈನಸ್ 20 ಡಿಗ್ರಿ. ಮನೆ ಬೆಚ್ಚಗಿಡಲು ಬೇಸ್‌ಮೆಂಟಿನಲ್ಲಿರುವ ಒಲೆ, ಅಂದರೆ ಫರ್ನೇಸ್‌ನಲ್ಲಿ ಗ್ಯಾಸ್ ಹೊತ್ತಿಕೊಳ್ಳುತ್ತದೆ, ಆದರೆ ಬಿಸಿಗಾಳಿಯನ್ನು ಕೋಣೆಗಳಿಗೆ ತಳ್ಳುವ ಬ್ಲೋವರ್ ತಿರುಗುತ್ತಿಲ್ಲ. ಸ್ವಲ್ಪ ಹೊತ್ತಿಗೆ ಉರಿಯೂ ಆರುತ್ತದೆ. (ಅದು ಕೆಟ್ಟದ್ದಲ್ಲ. ಶಾಖ ಮಿತಿ ಮೀರಿದರೆ ಗ್ಯಾಸ್ ನಿಲ್ಲಿಸುವ ಲಿಮಿಟ್ ಸ್ವಿಚ್ ತನ್ನ ಕೆಲಸ ಮಾಡಿದೆ.) ಮೋಟರೇ ಸುಟ್ಟಿದೆ, ಹೊಸದು ಹಾಕಬೇಕು ಅಂತ ರಿಪೇರಿಯವನು ಹೇಳಿ ಹೋಗಿದ್ದನಂತೆ.

"ಗುಂಯ್ ಅಂತ ಸದ್ದು ಬರ್ತಿದೆಯಾ ಭಾವ?"

"ಬರ್ತಿದೆ."

"ಹಾಗಾದ್ರೆ ಮೊದಲು ಕಂಡೆನ್ಸರ್ ನೋಡಿ."

ಈ ಕಾಯಿಲೆ ನಮಗೆ ಹೊಸದೇನಲ್ಲ. ಫ್ಯಾನ್ ಹೊರಡದಿದ್ದಾಗ ಪೊರಕೆ ಹಿಡಿಯಿಂದ ರೆಕ್ಕೆ ತಿವಿದು ಓಡಿಸದ ಮನೆ ಎಲ್ಲಿದೆ? ಎಲೆಕ್ಟ್ರಿಷಿಯನ್ ಮೋಟರಿಗೆ ಕಟ್ಟಿರುವ ಪುಟ್ಟ ಡಬ್ಬಿ, ಅಂದರೆ ಕಂಡೆನ್ಸರ್ (ಕೆಪಾಸಿಟರ್) ಬದಲಿಸಿ, "ಇದು ಕರೆಂಟ್ ಕೂಡಿಟ್ಟುಕೊಂಡು ಜೋರಾಗಿ ಒದೆಯುತ್ತೆ ಸಾರ್" ಅನ್ನುತ್ತಾನೆ. ನನಗೆ ಸಿಟ್ಟು ಬರುವುದು ಇಲ್ಲೇ. ಅದು ಜೋರು ಮಾಡುವುದಿಲ್ಲ, ಹೊತ್ತು ಬದಲಿಸುತ್ತದೆ.

ಬೀಸುವ ಕಲ್ಲಿನ ಗೂಟ ನಿಮಗೆ ನೇರ ಎದುರಿಗಿದೆ ಅಂದುಕೊಳ್ಳಿ. ಬರೀ ಹಿಂದೆ ಮುಂದೆ ತಳ್ಳಿ ಎಳೆಯಿರಿ. ಎಷ್ಟು ಬಲ ಹಾಕಿದರೂ ಕಲ್ಲು ಅಲುಗುತ್ತದೆ, ತಿರುಗುವುದಿಲ್ಲ. ಮನೆಗೆ ಬರುವ ಸಿಂಗಲ್ ಫೇಸ್ ಕರೆಂಟ್ ಮೋಟರಿನ ಒಂದೇ ಸುರುಳಿಯಲ್ಲಿ ಮಾಡುವುದೂ ಇಷ್ಟೇ. ಅಮೆರಿಕದಲ್ಲಿ ಸೆಕೆಂಡಿಗೆ 120 ಸಲ, ನಮ್ಮಲ್ಲಿ 100 ಸಲ ಕಾಂತಬಲ ದಿಕ್ಕು ಬದಲಿಸುತ್ತದೆ. ಆ ಗುಂಯ್ ಸದ್ದು ಈ ಗುದ್ದಾಟದ್ದೇ. ಈಗ ಪಕ್ಕದಲ್ಲಿ ಕೂತ ಇನ್ನೊಬ್ಬರು ಅದೇ ಗೂಟವನ್ನು ಎಡಕ್ಕೂ ಬಲಕ್ಕೂ ತಳ್ಳಲಿ. ಆದರೆ ನಿಮ್ಮ ಜೊತೆಗೇ ಅಲ್ಲ, ಕಾಲು ಸುತ್ತು ಮೊದಲು. ಕಲ್ಲು ಸಲೀಸಾಗಿ ತಿರುಗುತ್ತದೆ. ಚೊಂಬಿನ ನೀರನ್ನು ಒಂದೇ ಕಡೆ ಅಲ್ಲಾಡಿಸಿದರೆ ತುಳುಕುತ್ತದೆ, ಎರಡು ಕಡೆಗೆ ಒಂದರ ಹಿಂದೊಂದು ಅಲ್ಲಾಡಿಸಿದರೆ ಸುಳಿ ಏಳುತ್ತದೆ, ಅಲ್ವಾ? ಹಾಗೆ.

ಆ ಇನ್ನೊಬ್ಬರು ಅಂದರೆ ಮೋಟರಿನ ಎರಡನೇ ಸುರುಳಿ. ಅವರನ್ನು ಮುಂಚಿತವಾಗಿ ಕಳಿಸುವುದು ಕಂಡೆನ್ಸರ್. ಖಾಲಿ ಬಸ್ಸು ಬಂದ ಕೂಡಲೇ ಜನ ನುಗ್ಗುತ್ತಾರೆ, ತುಂಬಿದ ಮೇಲೆ ಯಾರೂ ಹತ್ತುವುದಿಲ್ಲ. ಕಂಡೆನ್ಸರ್‌ಗೂ ಖಾಲಿ ಇದ್ದಾಗಲೇ ಕರೆಂಟ್ ಜಾಸ್ತಿ ಹರಿಯುತ್ತದೆ, ವೋಲ್ಟೇಜ್ ಆಮೇಲೆ ಏರುತ್ತದೆ. ಬರೀ ಸುರುಳಿಯದು ಉಲ್ಟಾ, ಹೇರು ತುಂಬಿದ ಗಾಡಿಯ ಹಾಗೆ ತಡವಾಗಿ ಹೊರಡುತ್ತದೆ.

ಹೀಗೆ ಸುತ್ತುವ ಕಾಂತಬಲವನ್ನು ಇಟಲಿಯ ಟ್ಯೂರಿನ್‌ನಲ್ಲಿ ಗೆಲಿಲಿಯೊ ಫೆರಾರಿಸ್ 1885ರಲ್ಲೇ ಮಾಡಿ ತೋರಿಸಿದ್ದರು. ಆದರೆ ಇಂಥ ಮೋಟರ್ ಅರ್ಧಕ್ಕಿಂತ ಜಾಸ್ತಿ ಶಕ್ತಿಯನ್ನು ಕೆಲಸಕ್ಕೆ ಕೊಡಲಾರದು ಅಂತ ಲೆಕ್ಕ ಹಾಕಿ ಸುಮ್ಮನಾದರು. ಲೆಕ್ಕ ತಪ್ಪಿತ್ತು. 1888ರಲ್ಲಿ ಇಂಥದೇ ಮೋಟರಿಗೆ ಅಮೆರಿಕದಲ್ಲಿದ್ದ ನಿಕೊಲಾ ಟೆಸ್ಲಾಗೆ ಪೇಟೆಂಟ್ ಸಿಕ್ಕಿತು. ಹೊಲದ ತ್ರೀ ಫೇಸ್ ಪಂಪ್‌ಸೆಟ್‌ಗೆ ಮೂರು ತಂತಿಗಳೇ ಸರದಿ ಮೇಲೆ ತಳ್ಳುವುದರಿಂದ ಹೊರಡಲು ಕಂಡೆನ್ಸರ್ ಬೇಡ. ಒಂದು ಫೇಸ್ ಹೋದಾಗ ನಮ್ಮ ರೈತರು ಕಂಡೆನ್ಸರ್ ಕಟ್ಟಿ ಪಂಪ್ ಓಡಿಸುವುದೂ ಇದೇ ಉಪಾಯ.

ಭಾವನಿಗೆ ಬ್ರೇಕರ್ ಇಳಿಸಿ ಮುಚ್ಚಳ ತೆಗೆಯಲು ಹೇಳಿದೆ. ಗಾಳಿಚಕ್ರ ಕೈಯಲ್ಲಿ ಹಗುರಾಗಿ ತಿರುಗಿತು. ಅಂದರೆ ಬೇರಿಂಗ್ ಹಿಡಿದಿಲ್ಲ. ಸದ್ದೂ ಇಲ್ಲ, ಉರಿಯೂ ಇಲ್ಲ ಅಂದಿದ್ದರೆ ಬೇರೆ ದಾರಿ: ಮುಚ್ಚಳದ ಹಿಂದಿನ ಪುಟ್ಟ ಸ್ವಿಚ್ ಒತ್ತಿಕೊಂಡಿದೆಯಾ, ಬೋರ್ಡಿನ ಫ್ಯೂಸ್ ಹೋಗಿದೆಯಾ ನೋಡಬೇಕಿತ್ತು. ಮುಚ್ಚಳ ಸರಿಯಾಗಿ ಕೂರದೆ ಫರ್ನೇಸೇ ಸತ್ತಂತೆ ಬಿದ್ದಿರುವುದುಂಟು.

ಕಂಡೆನ್ಸರ್ ಮುಟ್ಟುವ ಮೊದಲು ಅದರಲ್ಲಿ ಉಳಿದ ಚಾರ್ಜ್ ತೆಗೆಯಬೇಕು, ಇಲ್ಲದಿದ್ದರೆ ಅದೇ ಒದೆಯುತ್ತದೆ. (ಎಲೆಕ್ಟ್ರಿಷಿಯನ್ ಮಾತು ಇಲ್ಲಿ ಮಾತ್ರ ನಿಜ!) 2019ರ ಜುಲೈನಿಂದ ಅಲ್ಲಿನ ಸರ್ಕಾರ ಬ್ಲೋವರ್‌ಗಳ ವಿದ್ಯುತ್ ಖರ್ಚಿನ ನಿಯಮ ಬಿಗಿ ಮಾಡಿದ ಮೇಲೆ, ಹೊಸ ಫರ್ನೇಸ್‌ಗಳಲ್ಲಿ ಹೆಚ್ಚಾಗಿ ನಮ್ಮ ಬಿಎಲ್‌ಡಿಸಿ ಫ್ಯಾನಿನಂಥ ಮೋಟರ್ ಇರುತ್ತದೆ. ಅದರ ಕಥೆಯೇ ಬೇರೆ. ಭಾವನದು ಹಳೆಯದು. ಕಂಡೆನ್ಸರ್ ಡಬ್ಬಿಯ ಮೇಲೆ 7.5 ಮೈಕ್ರೊಫ್ಯಾರಡ್ (ಅದು ಎಷ್ಟು ಚಾರ್ಜ್ ಹಿಡಿಯಬಲ್ಲದು ಅನ್ನುವ ಅಳತೆ) ಅಂತ ಬರೆದಿತ್ತು. ಮೀಟರ್ ತೋರಿಸಿದ್ದು 2.1.