ಕುದುರೆ, ಆಟಿಸಂ, ಮತ್ತು ನಾನು ತಲೆಕೆಳಗಾಗಿ ಓದಿದ ಕೋಷ್ಟಕ

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕುದುರೆ ಸವಾರಿಯಿಂದ ಆಟಿಸಂ ಇರುವ ಮಕ್ಕಳ ಸಾಮಾಜಿಕ ಕೌಶಲ ಹೆಚ್ಚುತ್ತದಾ ಅನ್ನುವುದು ನನ್ನ ಸೆಮಿನಾರ್ ವಿಷಯ. ಒಂದು ಅಧ್ಯಯನದ ಕೋಷ್ಟಕ ನೋಡಿದೆ. ಸವಾರಿ ಮಾಡಿದ ಮಕ್ಕಳ ಅಂಕ ಮೊದಲಿಗಿಂತ ಇಳಿದಿತ್ತು. ಪಕ್ಕದಲ್ಲಿ ಪೆನ್ಸಿಲ್‌ನಿಂದ "ಕುದುರೆಯಿಂದ ನಷ್ಟ?" ಅಂತ ಬರೆದೆ. ಅಷ್ಟಕ್ಕೇ ಬಿಡದೆ ಸ್ಲೈಡಿಗೂ ಹಾಕಿದೆ. ಹಿಂದಿನ ಬೆಂಚಿನಿಂದ ಒಬ್ಬಳು "ಆ ಸ್ಕೇಲ್‌ನಲ್ಲಿ ಅಂಕ ಇಳಿದರೆ ಒಳ್ಳೆಯದಲ್ವಾ?" ಅಂದಳು. ಅಲ್ಲಿಗೆ ನನ್ನ ಸೆಮಿನಾರ್ ಮುಗಿಯಿತು.

ಹಾಗಾಗಿ ಈ ಟಿಪ್ಪಣಿ. ಇನ್ನೊಬ್ಬರು ಅಲ್ಲೇ ಎಡವುವುದು ಬೇಡ.

ಎಸ್‌ಆರ್‌ಎಸ್: ಬಾಣ ಕೆಳಮುಖ

ಈ ವಿಷಯದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಸಿಗುವ ಅಳತೆ ಸೋಷಿಯಲ್ ರೆಸ್ಪಾನ್ಸಿವ್‌ನೆಸ್ ಸ್ಕೇಲ್, ಚಿಕ್ಕದಾಗಿ ಎಸ್‌ಆರ್‌ಎಸ್. ಒಟ್ಟು 65 ಪ್ರಶ್ನೆಗಳು. ಮಗುವನ್ನು ಚೆನ್ನಾಗಿ ಬಲ್ಲ ಪೋಷಕರೋ ಶಿಕ್ಷಕರೋ ಉತ್ತರ ತುಂಬುತ್ತಾರೆ. ಪ್ರತಿ ಪ್ರಶ್ನೆಗೆ 0ರಿಂದ 3 ಅಂಕ, ಅಂದರೆ ಗರಿಷ್ಠ 195. ಹೆಸರಿನಲ್ಲಿ "ಸ್ಪಂದನೆ" ಇದೆ, ಆದರೆ ಅಳೆಯುವುದು ಸ್ಪಂದಿಸಲು ಎಷ್ಟು ಕಷ್ಟವಾಗುತ್ತಿದೆ ಅನ್ನುವುದನ್ನು. ಅಂಕ ಹೆಚ್ಚಾದಷ್ಟೂ ತೊಂದರೆ ಜಾಸ್ತಿ. ಮಗುವಿನ ಒಳ್ಳೆಯ ಗುಣ ಕೇಳುವ ಪ್ರಶ್ನೆಗಳೂ ನಡುವೆ ಬರುತ್ತವೆ. ಅವಕ್ಕೆ ಅಂಕವನ್ನು ತಿರುಗಿಸಿ ಹಾಕುತ್ತಾರೆ, ಕೊನೆಗೆ ಎಲ್ಲವೂ ಒಂದೇ ದಿಕ್ಕಿಗೆ ಬರಲಿ ಅಂತ.

ಈಗ ನಾನು ಯಾವ ಕೋಷ್ಟಕ ತೆರೆದರೂ ಸಂಖ್ಯೆ ಓದುವ ಮೊದಲು ಅಂಚಿನಲ್ಲಿ ಒಂದು ಬಾಣ ಹಾಕುತ್ತೇನೆ. ಎಸ್‌ಆರ್‌ಎಸ್‌ಗೆ ಕೆಳಮುಖ. ಸಿಡುಕು, ಅತಿಚಟುವಟಿಕೆ ಅಳೆಯುವ ಅಬೆರಂಟ್ ಬಿಹೇವಿಯರ್ ಚೆಕ್‌ಲಿಸ್ಟ್‌ಗೂ ಕೆಳಮುಖ. ಆಡಿದ ಪದಗಳ ಎಣಿಕೆಗೆ ಮೇಲ್ಮುಖ. ಎರಡು ಸೆಕೆಂಡಿನ ಕೆಲಸ. ಒಂದೇ ಪುಟದಲ್ಲಿ ಎರಡೂ ಬಗೆಯ ಬಾಣ ಬರುವುದರಿಂದಲೇ ಗೊಂದಲ ಆಗುವುದು.

ಎಸ್‌ಆರ್‌ಎಸ್ ಒಳಗೆ ಐದು ಭಾಗಗಳಿವೆ. ಎದುರಿನವರ ಸೂಚನೆ ಗಮನಿಸುವುದು, ಅದರ ಅರ್ಥ ಹಿಡಿಯುವುದು, ಸಂವಹನ, ಬೆರೆಯುವ ಆಸೆ, ಮತ್ತು ಅದದೇ ವರ್ತನೆ ಹಾಗೂ ಸೀಮಿತ ಆಸಕ್ತಿ. "ಸಾಮಾಜಿಕ ಕೌಶಲ ಸುಧಾರಿಸಿತು" ಅಂತ ಯಾರಾದರೂ ಬರೆದರೆ ಯಾವ ಭಾಗ ಅಂತ ಕೇಳಿ. ಬೆರೆಯುವ ಆಸೆ ಬಂದಿದೆ ಅಂದರೆ ಬೆರೆಯಲು ಬಂತು ಅಂತ ಅಲ್ಲ.

ಇಲ್ಲಿ ಒಂದು ತಕರಾರೂ ಇದೆ, ಅದು ನನಗೆ ಸರಿ ಅನ್ನಿಸುತ್ತದೆ. 2012ರಲ್ಲಿ ಸಂಶೋಧಕ ಡೇಮಿಯನ್ ಮಿಲ್ಟನ್ "ಡಬಲ್ ಎಂಪತಿ" ಅನ್ನುವ ವಾದ ಮುಂದಿಟ್ಟರು. ಅವರೂ ಆಟಿಸಂ ಇರುವವರೇ. ಆಟಿಸಂ ಇರುವವರು, ಇಲ್ಲದವರು, ಎರಡೂ ಕಡೆಯವರಿಗೆ ಎದುರಿನವರು ಅರ್ಥವಾಗುವುದಿಲ್ಲ, ಅದು ಒಬ್ಬರ ಕೊರತೆ ಮಾತ್ರ ಅಲ್ಲ ಅನ್ನುವುದು ಅವರ ಮಾತು. ಎಸ್‌ಆರ್‌ಎಸ್ ಒಂದು ಕಡೆಯನ್ನಷ್ಟೇ ಅಳೆಯುತ್ತದೆ.

ಹೆಸರುಗಳು, ಬೇಗ

ಹಿಪ್ಪೋಥೆರಪಿಗೂ ನೀರಾನೆಗೂ ಸಂಬಂಧ ಇಲ್ಲ. ಗ್ರೀಕ್‌ನಲ್ಲಿ ಹಿಪ್ಪೋಸ್ ಅಂದರೆ ಕುದುರೆ. ಇದರಲ್ಲಿ ಫಿಸಿಯೋ, ಆಕ್ಯುಪೇಷನಲ್ ಅಥವಾ ಸ್ಪೀಚ್ ಥೆರಪಿಸ್ಟ್ ತಮ್ಮ ಚಿಕಿತ್ಸೆಗೆ ಕುದುರೆಯ ನಡಿಗೆಯನ್ನು ಬಳಸಿಕೊಳ್ಳುತ್ತಾರೆ. ಥೆರಪ್ಯೂಟಿಕ್ ರೈಡಿಂಗ್ ಬೇರೆ. ಅಲ್ಲಿ ತರಬೇತಿ ಪಡೆದ ಸವಾರಿ ಶಿಕ್ಷಕರು ಮಗುವಿಗೆ ಹೊಂದುವ ಹಾಗೆ ಸವಾರಿಯನ್ನೇ ಕಲಿಸುತ್ತಾರೆ. ಮೂರನೆಯ ಬಗೆಯಲ್ಲಿ ಹತ್ತುವುದೇ ಇಲ್ಲ. ನೆಲದ ಮೇಲೆ ನಿಂತು ಮೈ ಉಜ್ಜುವುದು, ಹಗ್ಗ ಹಿಡಿದು ನಡೆಸುವುದು. ಸಾಮಾಜಿಕ ಕೌಶಲದ ಬಗ್ಗೆ ಮುಖ್ಯವಾಗಿ ಉಲ್ಲೇಖಿಸುವ ಅಧ್ಯಯನಗಳು ಎರಡನೆಯ ಬಗೆಯವು. ಮೂರನ್ನೂ ಕಲಸಿ ಒಂದೇ ತೀರ್ಮಾನ ಬರೆದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ.

ಇತಿಹಾಸಕ್ಕೆ ಲಿಸ್ ಹಾರ್ಟೆಲ್ ಹೆಸರು ಬರುತ್ತದೆ. ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡ ಡೆನ್ಮಾರ್ಕಿನ ಸವಾರೆ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್ (ಕುದುರೆಯಿಂದ ನಾಜೂಕಾದ ಚಲನೆಗಳನ್ನು ಮಾಡಿಸುವ ಸ್ಪರ್ಧೆ) ಬೆಳ್ಳಿ ಗೆದ್ದವರು. ದೊಡ್ಡ ಕಥೆಯೇ, ಆದರೆ ದೇಹದ ಕಥೆ. ನಮ್ಮ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ.

"ನಡಿ"

ಒಂದು ಸವಾರಿ ತರಗತಿಯನ್ನು ಬೇಲಿಯ ಆಚೆ ನಿಂತು ನೋಡಿದೆ. ಸುಮಾರು ಏಳು ವರ್ಷದ ಹುಡುಗ, ತಲೆಗೆ ಹೆಲ್ಮೆಟ್. ಕುದುರೆಯ ಮುಂದೆ ಹಗ್ಗ ಹಿಡಿದ ಲೀಡರ್. ಎರಡೂ ಪಕ್ಕ ಒಬ್ಬೊಬ್ಬ ಸೈಡ್‌ವಾಕರ್, ಹುಡುಗನ ತೊಡೆಯ ಮೇಲೆ ಹಗುರಾಗಿ ಕೈ ಇಟ್ಟುಕೊಂಡು. ಅಂಗಳದ ನಡುವೆ ಶಿಕ್ಷಕಿ.

ಕುದುರೆ ನಿಂತಿತು. "ಮುಂದೆ ಹೋಗೋಕೆ ಏನು ಹೇಳ್ಬೇಕು?" ಅಂತ ಶಿಕ್ಷಕಿ ಒಂದೇ ಸಲ ಕೇಳಿ ಸುಮ್ಮನಾದರು. ಯಾರೂ ಮಾತಾಡಲಿಲ್ಲ. ಹುಡುಗ ಜೀನಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹನ್ನೊಂದಕ್ಕೆ ಬಂದಾಗ "ನಡಿ" ಅಂದ, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. ಕುದುರೆಯ ಕಿವಿ ಹಿಂದಕ್ಕೆ ಹೊರಳಿತು, ಲೀಡರ್ ಹೆಜ್ಜೆ ಇಟ್ಟರು, ಕುದುರೆ ಹೊರಟಿತು. ಮುಂದಿನ ಸುತ್ತಿನಲ್ಲಿ ನನ್ನ ಎಣಿಕೆ ಆರಕ್ಕೇ ನಿಂತಿತು.

ಪುಸ್ತಕದಲ್ಲಿ ಅರೆಬರೆ ಅರ್ಥವಾಗಿದ್ದು ಇಲ್ಲಿ ಪೂರ್ತಿ ಹೊಳೆಯಿತು. ಮಾತಿಗೆ ಫಲ ಆ ಕ್ಷಣದಲ್ಲೇ ಸಿಕ್ಕಿತು, ಅದೂ ಕೂತ ದೇಹಕ್ಕೇ ಗೊತ್ತಾಗುವ ಹಾಗೆ. ಮನುಷ್ಯರ ಮುಖದಲ್ಲಿ ಒಂದೇ ಹೊತ್ತಿಗೆ ಹತ್ತು ಸೂಚನೆಗಳು ಓಡುತ್ತವೆ. ಕುದುರೆ ನಿಲ್ಲುತ್ತದೆ, ನಡೆಯುತ್ತದೆ, ಕಿವಿ ತಿರುಗಿಸುತ್ತದೆ. ಓದಲು ಕಡಿಮೆ ಇದೆ, ಇರುವುದೂ ಸ್ಪಷ್ಟ.

ವಾಪಸ್ ಬಂದು ಚಿತ್ರ ಬರೆಯುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಕುದುರೆ ಒಂದು, ಮಗು ಒಂದು, ದೊಡ್ಡವರು ನಾಲ್ಕು. ನಾಲ್ಕು ಜನ ಒಂದೇ ಮಗುವಿನ ಮಾತಿಗೆ ಉಸಿರು ಹಿಡಿದು ಕಾಯುವ ಜಾಗ ಬೇರೆ ಎಲ್ಲಿದೆ ಹೇಳಿ? ಹಾಗಾದರೆ ಆ "ನಡಿ"ಯನ್ನು ಹೊರಡಿಸಿದ್ದು ಕುದುರೆಯೋ, ಆ ನಾಲ್ಕು ಜನರೋ?

ಕುದುರೆ ಇಲ್ಲದ ಲಾಯ

ಇದೇ ಈ ಟಿಪ್ಪಣಿಯ ಮುಖ್ಯ ಭಾಗ. ನನಗೆ ಮೂರು ದಿನ ಹಿಡಿಯಿತು, ಹಾಗಾಗಿ ನಿಧಾನವಾಗಿ ಹೋಗುತ್ತೇನೆ.

2009ರಲ್ಲಿ ಬಾಸ್ ಮತ್ತು ಜೊತೆಗಾರರ ಅಧ್ಯಯನ ಬಂತು. 34 ಮಕ್ಕಳು, 12 ವಾರ. ಒಂದು ಗುಂಪಿಗೆ ಸವಾರಿ, ಇನ್ನೊಂದು ಗುಂಪು ಕಾಯುವ ಪಟ್ಟಿಯಲ್ಲಿ. ಸವಾರಿ ಮಾಡಿದವರಲ್ಲಿ ಬೆರೆಯುವ ಆಸೆ ಹೆಚ್ಚಿತು, ಗಮನ ಚದುರುವುದು ಕಡಿಮೆಯಾಯಿತು. ಆದರೆ ಕಾಯುವ ಪಟ್ಟಿಯ ಮಕ್ಕಳು ಆ ಕಾರ್ಯಕ್ರಮದಿಂದ ಪೂರ್ತಿ ಹೊರಗಿದ್ದರು. ಅವರಿಗೆ ಕುದುರೆ ಇಲ್ಲ. ಹೊಸ ಜಾಗ ಇಲ್ಲ, ವಾರಕ್ಕೊಮ್ಮೆಯ ಕ್ರಮ ಇಲ್ಲ, ಕಾದು ನಿಂತ ದೊಡ್ಡವರೂ ಇಲ್ಲ. ಎರಡು ಗುಂಪಿನ ನಡುವೆ ಇಷ್ಟೊಂದು ವ್ಯತ್ಯಾಸ ಇರುವಾಗ ಫಲವನ್ನು ಕುದುರೆಯ ಹೆಸರಿಗೇ ಹೇಗೆ ಬರೆಯುವುದು?

2015ರಲ್ಲಿ ಗೇಬ್ರಿಯಲ್ಸ್ ತಂಡ ಇದನ್ನು ಬಿಡಿಸಲು ನೋಡಿತು. 6ರಿಂದ 16 ವರ್ಷದ 127 ಮಕ್ಕಳು, 10 ವಾರ, ಚೀಟಿ ಎತ್ತಿದ ಹಾಗೆ ಎರಡು ಗುಂಪು. ಒಂದಕ್ಕೆ ಸವಾರಿ. ಇನ್ನೊಂದು ಗುಂಪೂ ಅಂಥದೇ ಪಾಠಕ್ಕೆ ಬಂತು, ಕುದುರೆಯ ಬಗ್ಗೆ ಕಲಿಯಿತು. ಜೀವಂತ ಕುದುರೆಯನ್ನು ಮಾತ್ರ ಮುಟ್ಟಲಿಲ್ಲ. ಅವರಿಗೆ ಇದ್ದದ್ದು ನಿಜ ಕುದುರೆಯಷ್ಟೇ ದೊಡ್ಡದಾದ ಬೊಂಬೆ ಕುದುರೆ.

ಮೊದಲ ಸಲ ಓದಿದಾಗ ನನಗೆ ನಗು ಬಂತು. ಬೊಂಬೆ ಕುದುರೆ ಇಟ್ಟುಕೊಂಡು ಏನು ಮಾಡುತ್ತಾರೆ ಅಂತ. ಆಮೇಲೆ ಅರ್ಥವಾಯಿತು, ಇಡೀ ಅಧ್ಯಯನ ನಿಂತಿರುವುದೇ ಆ ಬೊಂಬೆಯ ಮೇಲೆ. ಲೆಕ್ಕ ಹೀಗೆ (ಈ ಸಂಖ್ಯೆಗಳು ನಾನು ಕಟ್ಟಿದವು, ಅಧ್ಯಯನದವಲ್ಲ): ಎರಡೂ ಗುಂಪು 80ರಿಂದ ಶುರು. ಸವಾರಿ ಗುಂಪು 70ಕ್ಕೆ ಇಳಿಯಿತು, ಬೊಂಬೆ ಗುಂಪು 75ಕ್ಕೆ. ಬಾಣ ಕೆಳಮುಖ, ಇಬ್ಬರೂ ಸುಧಾರಿಸಿದ್ದಾರೆ. ಕುದುರೆಯ ಪಾಲು 10 ಅಲ್ಲ, 5. ಉಳಿದ 5 ಎಲ್ಲಿಂದ ಬಂತು? ಜಾಗ, ಕ್ರಮ, ಜನ, ಪೋಷಕರ ಭರವಸೆ, ಹತ್ತು ವಾರ ದೊಡ್ಡವರಾದದ್ದು. ಜೊತೆಗೆ, ಪೋಷಕರು ಮಗುವನ್ನು ಹೆಚ್ಚಾಗಿ ಸೇರಿಸುವುದು ತೀರಾ ಕಷ್ಟದ ದಿನಗಳಲ್ಲಿ. ಅಲ್ಲಿಂದ ಏನೂ ಮಾಡದಿದ್ದರೂ ಸ್ವಲ್ಪ ತಿಳಿಯಾಗುವುದು ಸಹಜ.

ಇದರೊಳಗೆ ಇನ್ನೊಂದು ಗುಂಡಿ ಇದೆ, ಅದಕ್ಕೂ ಬಿದ್ದೆ. ಪಿ-ಮೌಲ್ಯ ಅಂದರೆ ನಿಜವಾದ ಫಲ ಇಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಇಷ್ಟು ಬದಲಾವಣೆ ಕಾಣುವ ಸಂಭವ; ಅದು 0.05ಕ್ಕಿಂತ ಕಡಿಮೆ ಇದ್ದರೆ ಫಲ ಇದೆ ಅನ್ನುವುದು ರೂಢಿ. ಸವಾರಿ ಗುಂಪಿನ ಬದಲಾವಣೆಗೆ ಅದು 0.04, ಇನ್ನೊಂದಕ್ಕೆ 0.06 ಅಂದುಕೊಳ್ಳಿ. "ಇಲ್ಲಿ ಫಲ ಇದೆ, ಅಲ್ಲಿ ಇಲ್ಲ, ಹಾಗಾಗಿ ಕುದುರೆ ಗೆದ್ದಿತು" ಅಂತ ಬರೆದುಬಿಡುತ್ತೇವೆ. ತಪ್ಪು. 0.04 ಮತ್ತು 0.06 ಅಕ್ಕಪಕ್ಕದ ಮನೆಗಳು, ನಡುವೆ 0.05ರ ಬೇಲಿ ಇದೆ ಅಷ್ಟೇ. ಪರೀಕ್ಷಿಸಬೇಕಾದದ್ದು ಎರಡು ಇಳಿಕೆಗಳ ನಡುವಿನ ಅಂತರವನ್ನು, ಅಂದರೆ ಆ 5 ಅನ್ನು. ಪ್ರಬಂಧ ಓದುವಾಗ ನಾನು ಹುಡುಕುವ ಸಾಲು ಈಗ ಅದೊಂದೇ.

ಗೇಬ್ರಿಯಲ್ಸ್ ತಂಡ ಹೋಲಿಸಿದ್ದು ಹಾಗೆಯೇ, ಗುಂಪಿಗೆ ಎದುರು ಗುಂಪು. ಬೊಂಬೆ ಗುಂಪಿಗಿಂತ ಸವಾರಿ ಗುಂಪಿನಲ್ಲಿ ಸಿಡುಕು ಮತ್ತು ಅತಿಚಟುವಟಿಕೆ ಹೆಚ್ಚು ಇಳಿಯಿತು, ಅದು ಐದನೇ ವಾರದಿಂದಲೇ ಕಾಣಿಸಿತು. ಎಸ್‌ಆರ್‌ಎಸ್‌ನಲ್ಲಿ ಸಂವಹನ ಮತ್ತು ಅರ್ಥ ಹಿಡಿಯುವ ಭಾಗಗಳು ಸುಧಾರಿಸಿದವು. ಆಡಿದ ಪದಗಳೂ ಹೆಚ್ಚಾದವು, ಬೇರೆ ಬೇರೆ ಪದಗಳೂ ಹೆಚ್ಚಾದವು.

ನನಗೆ ಹೆಚ್ಚು ನಂಬಿಕೆ ಆ ಪದಗಳ ಮೇಲೆ. ಯಾಕೆಂದರೆ ತನ್ನ ಮಗು ಕುದುರೆ ಹತ್ತಿದೆಯೋ ಇಲ್ಲವೋ ಅನ್ನುವುದನ್ನು ಅಮ್ಮನಿಂದ ಮುಚ್ಚಿಡಲು ಆಗುವುದಿಲ್ಲ. ವಾರವಾರ ಕರೆತಂದು ಬೇಲಿಯ ಪಕ್ಕ ನಿಂತವರು ಫಾರಂ ತುಂಬುವಾಗ ಪೆನ್ನು ಸ್ವಲ್ಪ ಆ ಕಡೆ ವಾಲದೇ ಇರುತ್ತದಾ? ಮೋಸ ಅಂತಲ್ಲ, ಆಸೆ. ಪದಗಳನ್ನಾದರೆ ಎಣಿಸಬಹುದು.

ಉಳಿದದ್ದು

ನಡೆಯುವ ಕುದುರೆ ಸವಾರನ ಸೊಂಟವನ್ನು ಮುಂದೆ-ಹಿಂದೆ, ಅಕ್ಕಪಕ್ಕ, ಮೇಲೆ-ಕೆಳಗೆ ಆಡಿಸುತ್ತದೆ, ನಾವು ನಡೆದಾಗ ಆಡುವ ಹಾಗೆಯೇ. ಇದು ಪರೀಕ್ಷೆಗೆ ಬರುತ್ತದೆ. ಯಾರಿಗೆ ಬೇಡ ಅನ್ನುವುದೂ ಬರುತ್ತದೆ: ಹತೋಟಿಗೆ ಬಾರದ ಫಿಟ್ಸ್, ಕುದುರೆಯ ಕೂದಲಿಗೆ ತೀವ್ರ ಅಲರ್ಜಿ, ಕತ್ತಿನ ಮೇಲಿನ ಎರಡು ಮೂಳೆಗಳ ಕೀಲು ಸಡಿಲ ಇರುವವರು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಈ ಕೊನೆಯದನ್ನು ಮೊದಲೇ ನೋಡಿಕೊಳ್ಳಬೇಕು. ಕುದುರೆಗೆ ಹೆದರುವ ಮಗುವನ್ನು ಎತ್ತಿ ಕೂರಿಸುವುದಂತೂ ಬೇಡವೇ ಬೇಡ.

ಕುದುರೆಗೆ ಹೇಳಿದ "ನಡಿ" ಬೇರೆ ಕಡೆಗೂ ಬರುತ್ತದಾ? ತಾನಾಗಿ ಬರುತ್ತದೆ ಅಂತ ಕಾಯಬಾರದು, ಅದಕ್ಕೂ ಪಾಠ ಹೂಡಬೇಕು. ನಾನು ನೋಡಿದ ಶಿಕ್ಷಕಿ ತರಗತಿ ಮುಗಿದ ಮೇಲೆ ಹುಡುಗನ ಅಪ್ಪನ ಹತ್ತಿರ ಹೋಗಿ ಹೇಳಿದ್ದು ಇಷ್ಟೇ: "ಉಯ್ಯಾಲೆ ತೂಗೋವಾಗ ನಡುವೆ ನಿಲ್ಲಿಸಿ. ಒಂದೇ ಸಲ ಕೇಳಿ. ಆಮೇಲೆ ಹನ್ನೆರಡರವರೆಗೆ ಎಣಿಸಿ, ಬಾಯಿ ಬಿಡಬೇಡಿ." ಅಪ್ಪ ಹನ್ನೆರಡಾ ಅಂತ ಎರಡು ಸಲ ಕೇಳಿದರು.