ಒಳ್ಳೆಯ ಕೆಲಸಗಾರ ಮ್ಯಾನೇಜರ್ ಆದಾಗ

ಚೆನ್ನಾಗಿ ಮಾರಾಟ ಮಾಡುವವರಿಗೇ ಮಾರಾಟ ತಂಡದ ಹೊಣೆ ಕೊಡುವುದು ಬಹಳಷ್ಟು ಕಂಪನಿಗಳ ರೂಢಿ. ಅಲನ್ ಬೆನ್ಸನ್, ಡೇನಿಯೆಲ್ ಲಿ ಮತ್ತು ಕೆಲ್ಲಿ ಶೂ ಎಂಬ ಸಂಶೋಧಕರು 131 ಕಂಪನಿಗಳ ಮಾರಾಟದ ದಾಖಲೆಗಳನ್ನು ಜಾಲಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಈ ರೂಢಿಯನ್ನೇ ಪ್ರಶ್ನಿಸುತ್ತದೆ. ಬಡ್ತಿಗೆ ಮುಂಚೆ ಒಬ್ಬರ ಮಾರಾಟ ಇನ್ನೊಬ್ಬರದಕ್ಕಿಂತ ಎರಡು ಪಟ್ಟು ಇದ್ದರೆ, ಅವರು ಮ್ಯಾನೇಜರ್ ಆದ ಮೇಲೆ ಅವರ ಕೈಕೆಳಗಿನವರ ಸಾಧನೆ ಸುಮಾರು ಶೇ 7.5ರಷ್ಟು ಕುಗ್ಗಿತ್ತು. ಇದಕ್ಕೆ ಪ್ರತಿಯಾಗಿ, ಸಹೋದ್ಯೋಗಿಗಳ ಜೊತೆ ಸೇರಿ ವ್ಯವಹಾರ ಕುದುರಿಸುತ್ತಿದ್ದವರು ಮ್ಯಾನೇಜರ್ ಆಗಿಯೂ ಹೆಚ್ಚು ಯಶಸ್ವಿಯಾಗಿದ್ದರು.

ಸ್ವಂತ ಕೈಯಿಂದ ಕೆಲಸ ಮಾಡುವವರಿಗೆ ಬೇಕಾದ ಮಾಹಿತಿ ಅವರ ತಲೆಯಲ್ಲೇ ಇರುತ್ತದೆ. ಮ್ಯಾನೇಜರ್‌ಗೆ ಆ ಅನುಕೂಲವಿಲ್ಲ. ತಮ್ಮ ತಲೆಯಲ್ಲಿರುವುದು ತಂಡಕ್ಕೆ ತಲುಪಬೇಕು, ತಂಡದವರ ಕಣ್ಣಿಗೆ ಬಿದ್ದದ್ದು ತಮಗೆ ತಲುಪಬೇಕು. ಎಡವುವುದು ಹೆಚ್ಚಾಗಿ ಈ ಎರಡು ದಾರಿಗಳಲ್ಲೇ.

ಮೇಲಿನಿಂದ ಕೆಳಗೆ ಹೋಗುವ ದಾರಿಯಲ್ಲಿ ಮೊದಲು ಕೆಲಸ ಒಪ್ಪಿಸುವ ಮಾತು. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಒಂದು ಸರಳ ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡೊಂದರ ಲಯವನ್ನು ಮೇಜಿನ ಮೇಲೆ ಬಡಿಯಬೇಕು, ಇನ್ನೊಬ್ಬರು ಅದು ಯಾವ ಹಾಡೆಂದು ಹೇಳಬೇಕು. ಅರ್ಧದಷ್ಟು ಹಾಡುಗಳನ್ನಾದರೂ ಗುರುತಿಸುತ್ತಾರೆ ಎಂಬುದು ಬಡಿಯುವವರ ಅಂದಾಜು. 120 ಹಾಡುಗಳಲ್ಲಿ ಕೇಳುಗರು ಗುರುತಿಸಿದ್ದು 3. ಬಡಿಯುವವರ ತಲೆಯೊಳಗೆ ಇಡೀ ಹಾಡು ಕೇಳಿಸುತ್ತಿರುತ್ತದೆ. ಎದುರಿಗಿರುವವರಿಗೆ ಕೇಳಿಸುವುದು ಬರೀ ಟಕ್ ಟಕ್. ‘ಆ ವರದಿ ಸ್ವಲ್ಪ ನೋಡಿ ಮುಗಿಸಿಬಿಡಿ’ ಎಂದು ಹೇಳಿ ಹೋದ ಮ್ಯಾನೇಜರ್ ಮಾಡಿದ್ದೂ ಇದನ್ನೇ. ಅನುಭವ ಹೆಚ್ಚಿದಷ್ಟೂ ಈ ತಪ್ಪು ಹೆಚ್ಚು, ಏಕೆಂದರೆ ಯಾವುದನ್ನು ಬಿಡಿಸಿ ಹೇಳಬೇಕು ಎಂಬುದೇ ಅನುಭವಿಗಳಿಗೆ ಹೊಳೆಯುವುದಿಲ್ಲ.

ಆದ್ದರಿಂದ ಕೆಲಸ ಕೊಡುವಾಗ ನಾಲ್ಕು ವಿಷಯ ಬಾಯಿಬಿಟ್ಟು ಹೇಳಬೇಕು: ಮುಗಿದಾಗ ಅದು ಹೇಗಿರಬೇಕು, ಯಾವಾಗ ಬೇಕು, ಯಾವ ತೀರ್ಮಾನಗಳನ್ನು ಅವರೇ ತೆಗೆದುಕೊಳ್ಳಬಹುದು, ಎಂಥ ಸಂದರ್ಭದಲ್ಲಿ ಕೇಳದೆ ಮುಂದುವರಿಯಬಾರದು. ಮೂರನೆಯದನ್ನು ಬಿಡುವವರೇ ಹೆಚ್ಚು. ಅದು ಬಿಟ್ಟುಹೋದರೆ ಜಾಗರೂಕ ನೌಕರ ಪ್ರತಿಯೊಂದಕ್ಕೂ ಬಾಗಿಲು ತಟ್ಟುತ್ತಾನೆ, ಧೈರ್ಯವಂತ ಕೇಳದೆಯೇ ಹಣ ಖರ್ಚು ಮಾಡುತ್ತಾನೆ; ಇಬ್ಬರ ಮೇಲೂ ಸಿಟ್ಟು ಬರುತ್ತದೆ. ‘ಅರ್ಥವಾಯಿತಾ?’ ಎಂದು ಕೇಳಿ ಉಪಯೋಗವಿಲ್ಲ, ಉತ್ತರ ಯಾವಾಗಲೂ ‘ಹೌದು’. ‘ಯಾವುದರಿಂದ ಶುರು ಮಾಡುತ್ತೀರಿ?’ ಎಂದು ಕೇಳಿ. ತಪ್ಪು ತಿಳಿವಳಿಕೆ ಇದ್ದರೆ ಒಂದೆರಡು ವಾಕ್ಯದಲ್ಲೇ ಹೊರಬೀಳುತ್ತದೆ. ಹತ್ತು ದಿನದ ಕೆಲಸವಾದರೆ ಎರಡನೆಯ ದಿನ ಅರೆಬರೆ ಕರಡನ್ನೇ ನೋಡಿ. ದಾರಿ ತಪ್ಪಿದ್ದರೆ ಆಗ ತಿದ್ದುವುದು ಅಗ್ಗ. ಒಂಬತ್ತನೆಯ ದಿನ ನೋಡಿದರೆ ಮ್ಯಾನೇಜರ್ ತಾವೇ ಕೂತು ರಾತ್ರಿಯಿಡೀ ಬರೆದು ಮುಗಿಸುತ್ತಾರೆ, ಮುಂದಿನ ಸಲವೂ ಅವರೇ ಬರೆಯಬೇಕಾಗುತ್ತದೆ.

ಎರಡನೆಯದು ಮಾಡಿದ ಕೆಲಸದ ಬಗ್ಗೆ ಅಭಿಪ್ರಾಯ ಹೇಳುವುದು. ಇದರ ಬಗ್ಗೆ ಇರುವಷ್ಟು ಉಪದೇಶ ಬೇರೆ ಯಾವುದರ ಬಗ್ಗೆಯೂ ಇಲ್ಲವೇನೋ, ಆದರೆ ಪುರಾವೆ ಅಷ್ಟು ಸಿಹಿಯಾಗಿಲ್ಲ. ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೋ ಡಿನಿಸಿ ಹಿಂದಿನ ಅಧ್ಯಯನಗಳಲ್ಲಿದ್ದ 607 ಫಲಿತಾಂಶಗಳನ್ನು ಒಟ್ಟುಗೂಡಿಸಿ 1996ರಲ್ಲಿ ಪ್ರಕಟಿಸಿದರು. ಸರಾಸರಿಯಲ್ಲಿ ಫೀಡ್‌ಬ್ಯಾಕ್‌ನಿಂದ ಕೆಲಸ ಸುಧಾರಿಸಿತ್ತು ನಿಜ. ಆದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಮೊದಲಿಗಿಂತ ಹದಗೆಟ್ಟಿತ್ತು. ಅವರು ಕೊಟ್ಟ ವಿವರಣೆ ಗಮನದ ಕುರಿತಾದದ್ದು. ಮಾತು ಕೆಲಸದ ಮೇಲಿದ್ದರೆ ಕೇಳುವವರ ಗಮನವೂ ಕೆಲಸದ ಮೇಲೇ ಇರುತ್ತದೆ. ಮಾತು ವ್ಯಕ್ತಿಯ ಮೇಲೆ ತಿರುಗಿದ ಕೂಡಲೇ ಗಮನ ‘ನಾನು ಎಂಥವನು’ ಎಂಬಲ್ಲಿಗೆ ಹೊರಳುತ್ತದೆ, ಕೆಲಸಕ್ಕೆ ಉಳಿಯುವ ಮನಸ್ಸು ಕಡಿಮೆಯಾಗುತ್ತದೆ. ಹೊಗಳಿಕೆಯೂ ಇದಕ್ಕೆ ಹೊರತಲ್ಲ.

‘ನಿಮಗೆ ಜವಾಬ್ದಾರಿ ಇಲ್ಲ’ ಎಂದರೆ ವಾದ ಶುರು. ‘ಮಂಗಳವಾರ ಕಳಿಸಿದ ಪಟ್ಟಿಯಲ್ಲಿ ಎರಡು ಮೊತ್ತಗಳು ತಾಳೆಯಾಗಲಿಲ್ಲ, ಲೆಕ್ಕಪತ್ರ ವಿಭಾಗದವರು ಅರ್ಧ ದಿನ ಕೂತು ಹುಡುಕಬೇಕಾಯಿತು, ಕಳಿಸುವ ಮುಂಚೆ ಯಾವ ಪರಿಶೀಲನೆ ಸೇರಿಸಬಹುದು?’ ಎಂದರೆ ವಾದಕ್ಕೆ ಎಡೆಯೇ ಇಲ್ಲ. ಏನಾಯಿತು, ಅದರಿಂದ ಯಾರಿಗೆ ಏನಾಯಿತು, ಮುಂದೇನು: ಇಷ್ಟು ಸಾಕು. ಒಂದೆರಡು ದಿನದೊಳಗೆ, ಇಬ್ಬರೇ ಇರುವಾಗ, ಒಂದು ಸಲಕ್ಕೆ ಒಂದೇ ವಿಷಯ. ಎರಡು ಹೊಗಳಿಕೆಯ ನಡುವೆ ಒಂದು ಟೀಕೆ ಸೇರಿಸಿ ಹೇಳುವ ಹಳೆಯ ಉಪಾಯವನ್ನು ಬಿಟ್ಟುಬಿಡುವುದೇ ವಾಸಿ. ಕೆಲವರು ಹೊಗಳಿಕೆಯನ್ನಷ್ಟೇ ಕೇಳಿಸಿಕೊಂಡು ಹೋಗುತ್ತಾರೆ, ಉಳಿದವರು ಇನ್ನು ಮುಂದೆ ಹೊಗಳಿದಾಗಲೆಲ್ಲ ಬೆಚ್ಚುತ್ತಾರೆ.

ಕೆಳಗಿನಿಂದ ಮೇಲೆ ಬರುವ ದಾರಿ ಇದಕ್ಕಿಂತ ಕಠಿಣ. ಕೆಟ್ಟ ಸುದ್ದಿ ಮುಟ್ಟಿಸಲು ಜನ ಹಿಂಜರಿಯುತ್ತಾರೆ ಎಂಬುದನ್ನು ಸಿಡ್ನಿ ರೋಸೆನ್ ಮತ್ತು ಅಬ್ರಹಾಂ ಟೆಸ್ಸರ್ 1970ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ಕೇಳುವವರು ಸಂಬಳ ನಿರ್ಧರಿಸುವವರಾದರೆ ಆ ಹಿಂಜರಿಕೆ ಎಷ್ಟಿರಬಹುದು ಊಹಿಸಿಕೊಳ್ಳಿ. ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದಾಗ ಫಲಿತಾಂಶ ತಲೆಕೆಳಗಾಗಿ ಬಂತು. ಒಳ್ಳೆಯ ನಾಯಕತ್ವವಿದ್ದ ವಾರ್ಡುಗಳ ದಾಖಲೆಯಲ್ಲೇ ಹೆಚ್ಚು ತಪ್ಪುಗಳಿದ್ದವು. ಅಲ್ಲಿನವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದದ್ದನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದು ಅವರ ವಿವರಣೆ. ‘ನಮ್ಮ ವಿಭಾಗದಲ್ಲಿ ಏನೂ ತೊಂದರೆ ಇಲ್ಲ’ ಎಂಬ ಮಾತು ಕೇಳಿ ನಿಶ್ಚಿಂತರಾಗುವ ಮ್ಯಾನೇಜರ್‌ಗಳು ಈ ಫಲಿತಾಂಶವನ್ನು ಇನ್ನೊಮ್ಮೆ ಓದಬೇಕು.

ಇದಕ್ಕೆ ಮದ್ದು ‘ನನ್ನ ಬಾಗಿಲು ಸದಾ ತೆರೆದಿದೆ’ ಎಂದು ಘೋಷಿಸುವುದಲ್ಲ. ತಂಡದ ಪ್ರತಿಯೊಬ್ಬರೊಡನೆ ವಾರಕ್ಕೊಮ್ಮೆ ಅರ್ಧ ಗಂಟೆ ಕೂರಬೇಕು. ಮೊದಲ ಹತ್ತು ಹದಿನೈದು ನಿಮಿಷ ಅವರದು. ಕೆಲಸದ ಪ್ರಗತಿಯ ಪಟ್ಟಿಯನ್ನು ಬರವಣಿಗೆಯಲ್ಲಿ ತರಿಸಿಕೊಂಡರೆ ಅದನ್ನು ಓದಿ ಹೇಳುವುದರಲ್ಲಿ ಹೊತ್ತು ಹೋಗುವುದಿಲ್ಲ. ‘ಏನಾದರೂ ಸಮಸ್ಯೆ ಇದೆಯಾ?’ ಎಂದರೆ ‘ಇಲ್ಲ’ ಎಂಬ ಉತ್ತರ ಸುಲಭ. ‘ಈ ಕೆಲಸ ತಡವಾಗುವುದಾದರೆ ಯಾವ ಕಾರಣಕ್ಕೆ ಆಗಬಹುದು?’ ಎಂದರೆ ಯೋಚಿಸಲೇಬೇಕಾಗುತ್ತದೆ. ಕೆಟ್ಟ ಸುದ್ದಿ ಬಂದಾಗ ಮೊದಲ ಪ್ರಶ್ನೆ ‘ಯಾರು ಮಾಡಿದ್ದು?’ ಆಗಬಾರದು, ಏನಾಗಿದೆ, ಈಗ ಏನು ಮಾಡಬಹುದು ಎಂಬುದನ್ನು ವಿಚಾರಿಸಿ. ಕಾರಣ ಹುಡುಕುವ ಕೆಲಸ ನಾಳೆಗಿರಲಿ. ತಂಡ ಹತ್ತು ಜನರದ್ದಾದರೆ ವಾರಕ್ಕೆ ಐದು ಗಂಟೆ ಇದಕ್ಕೇ ಹೋಗುತ್ತದೆ, ಇಪ್ಪತ್ತಾದರೆ ಹತ್ತು. ಅಷ್ಟು ಹೊತ್ತು ಸಿಗುವುದಿಲ್ಲವೆಂದರೆ ತಂಡವನ್ನು ಎರಡಾಗಿಸಬೇಕು, ಭೇಟಿಗಳನ್ನು ರದ್ದು ಮಾಡುವುದಲ್ಲ.

ಇದು ಫಲ ಕೊಡುತ್ತಿದೆಯೇ ಎಂದು ತಿಳಿಯಲು ಒಂದು ಲೆಕ್ಕ ಇಟ್ಟುಕೊಳ್ಳಬಹುದು. ಪ್ರತಿ ದೊಡ್ಡ ತೊಂದರೆಯ ಮುಂದೆ ಎರಡು ದಿನಾಂಕ ಬರೆಯಿರಿ: ತಂಡದಲ್ಲಿ ಯಾರಿಗಾದರೂ ಅದು ಮೊದಲು ಗೊತ್ತಾದ ದಿನ, ನಿಮ್ಮ ಕಿವಿಗೆ ಬಿದ್ದ ದಿನ. ಆರು ತಿಂಗಳಲ್ಲಿ ಈ ಅಂತರ ಕಿರಿದಾಗದಿದ್ದರೆ, ಹಿಂದಿನ ಸಲ ಕೆಟ್ಟ ಸುದ್ದಿ ತಂದವರಿಗೆ ಆಮೇಲೆ ಏನಾಯಿತು ಎಂಬುದನ್ನು ನೋಡಿ. ತಂಡದ ಉಳಿದವರು ಅದನ್ನು ಈಗಾಗಲೇ ನೋಡಿರುತ್ತಾರೆ.