ಡೈಮೆನ್ಷನ್ ಗೆರೆಯನ್ನು ಕತ್ತರಿಸುವುದು: ಆಟೋಕ್ಯಾಡ್‌ನ ಡಿಮ್‌ಬ್ರೇಕ್ ಟಿಪ್ಪಣಿ

ಕಂಪ್ಯೂಟರಿನಲ್ಲಿ ತಾಂತ್ರಿಕ ನಕ್ಷೆ ಬಿಡಿಸುವ ಆಟೋಕ್ಯಾಡ್‌ನಲ್ಲಿ ಒಂದು ಅಳತೆಯ ಗೆರೆ ಇನ್ನೊಂದನ್ನು ದಾಟಿ ಗಜಿಬಿಜಿ ಆದಾಗ, ಕಲಿಯುವವರು ಗೆರೆ ತುಂಡರಿಸುವ ಬ್ರೇಕ್ ಕಮಾಂಡ್ ಕೊಟ್ಟು ನೋಡುತ್ತಾರೆ. ಅದು ಡೈಮೆನ್ಷನ್ (ಅಳತೆಯ ಗೆರೆ, ಬಾಣ, ಅಂಕಿ ಸೇರಿದ ಒಂದೇ ವಸ್ತು) ಮೇಲೆ ನಡೆಯುವುದಿಲ್ಲ. ಆಗ ಎಕ್ಸ್‌ಪ್ಲೋಡ್ ಮಾಡಿ ಗೆರೆ ಕತ್ತರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಕ್ಸ್‌ಪ್ಲೋಡ್ ಆದ ಮೇಲೆ ಉಳಿಯುವುದು ಬಿಡಿ ಗೆರೆಗಳು ಮತ್ತು ಬರೀ ಪಠ್ಯ. ಮುಂದೆ ಭಾಗವನ್ನು 120 ಮಿ.ಮೀ.ಯಿಂದ 125ಕ್ಕೆ ಹಿಗ್ಗಿಸಿದರೂ ಅಂಕಿ 120 ಎಂದೇ ನಿಂತಿರುತ್ತದೆ. ಆ ಹಾಳೆ ಹಿಡಿದು ಕೆಲಸ ಮಾಡುವವರಿಗೆ ಅದು ತಪ್ಪೆಂದು ತಿಳಿಯುವ ದಾರಿಯೇ ಇರುವುದಿಲ್ಲ.

ಇದಕ್ಕಾಗಿಯೇ ಆಟೋಕ್ಯಾಡ್ 2008ರಲ್ಲಿ ಡಿಮ್‌ಬ್ರೇಕ್ ಬಂತು. ಡೈಮೆನ್ಷನ್ ಇಡಿಯಾಗಿಯೇ ಉಳಿಯುತ್ತದೆ, ಕಣ್ಣಿಗೆ ಮಾತ್ರ ಸಂದು ಕಾಣುತ್ತದೆ. ಕಮಾಂಡ್ ಕೊಟ್ಟು, ಮೊದಲು ಕತ್ತರಿಸಬೇಕಾದ ಡೈಮೆನ್ಷನ್ ಆರಿಸಿ, ಆಮೇಲೆ ಅದನ್ನು ದಾಟುವ ಗೆರೆಯನ್ನು ಆರಿಸಿ ಎಂಟರ್ ಒತ್ತಿ. ಈ ಕ್ರಮ ಅದಲುಬದಲಾದರೆ ಸಂದು ಬೇಡದ ಗೆರೆಯಲ್ಲಿ ಬೀಳುತ್ತದೆ. ಎರಡನೆಯದನ್ನು ಆರಿಸದೆ ನೇರ ಎಂಟರ್ ಒತ್ತಿದರೆ ಅದು ಆಟೋ: ದಾಟುವ ಕಡೆಯಲ್ಲೆಲ್ಲ ಸಂದು. ಭಾಗದ ಹೊರಗೆರೆಯನ್ನು ದಾಟುವಲ್ಲೂ ಸಂದು ಬಿದ್ದು ಎಕ್ಸ್‌ಟೆನ್ಷನ್ ಲೈನ್ (ಭಾಗದಿಂದ ಅಳತೆಯ ಗೆರೆಯವರೆಗೆ ಹೊರಗೆ ಎಳೆದ ಗೆರೆ) ತುಂಡುತುಂಡಾಗಿ ಕಾಣುವುದು ಇದರಿಂದಲೇ.

ಸಂದಿನ ಅಗಲ ಡೈಮೆನ್ಷನ್ ಸ್ಟೈಲ್‌ನ ಸಿಂಬಲ್ಸ್ ಅಂಡ್ ಆ್ಯರೋಸ್ ಟ್ಯಾಬ್‌ನಲ್ಲಿದೆ. ಮೆಟ್ರಿಕ್ ಟೆಂಪ್ಲೇಟ್‌ನಲ್ಲಿ 3.75 ಇರುತ್ತದೆ. ಅಕ್ಷರದ ಎತ್ತರ 2.5 ಇರುವಾಗ ಇದು ಅಗಲವಾಯಿತು. 2ರ ಆಸುಪಾಸು ಸಾಕು.

ಎಲ್ಲಿ ಕತ್ತರಿಸಬೇಕು ಎಂಬುದು ಹೇಗೆ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ನಕ್ಷೆಯಲ್ಲಿ ಅಳತೆ ಗುರುತಿಸುವ ನಮ್ಮ ಭಾರತೀಯ ಮಾನಕ ಐಎಸ್ 11669:1986ರ ಪ್ರಕಾರ ಎಕ್ಸ್‌ಟೆನ್ಷನ್ ಲೈನ್ ಮತ್ತು ಡೈಮೆನ್ಷನ್ ಲೈನ್ ಒಂದನ್ನೊಂದು ದಾಟದಂತೆ ನೋಡಿಕೊಳ್ಳಬೇಕು. ತಪ್ಪಿಸಲಾಗದಿದ್ದರೆ ಎರಡನ್ನೂ ಕತ್ತರಿಸದೆ ಬಿಡಬೇಕು. ಅಮೆರಿಕದ ಮಾನಕ ಎಎಸ್‌ಎಂಇ ವೈ14.5 ಕೂಡ ಸಾಮಾನ್ಯವಾಗಿ ಕತ್ತರಿಸಬೇಡಿ ಎನ್ನುತ್ತದೆ. ಎಕ್ಸ್‌ಟೆನ್ಷನ್ ಲೈನ್ ಬಾಣದ ತುದಿಯನ್ನು ಅಥವಾ ಅದರ ಹತ್ತಿರವೇ ದಾಟುವಾಗ ಮಾತ್ರ ಎಕ್ಸ್‌ಟೆನ್ಷನ್ ಲೈನಿನಲ್ಲಿ ಸಂದು ಬಿಡಬಹುದು. ಹಾಗಾಗಿ ಇಡೀ ಹಾಳೆಗೆ ಮಲ್ಟಿಪಲ್ (ಹಲವು ಡೈಮೆನ್ಷನ್ ಒಟ್ಟಿಗೆ ಆರಿಸುವ ಆಯ್ಕೆ) ಕೊಟ್ಟು ಆಟೋ ಒತ್ತುವುದು ಯಾವ ಮಾನಕಕ್ಕೂ ಒಪ್ಪುವುದಿಲ್ಲ. ಮೊದಲು ಚಿಕ್ಕ ಅಳತೆಯನ್ನು ಭಾಗದ ಹತ್ತಿರ, ದೊಡ್ಡದನ್ನು ಹೊರಗೆ ಇಡಿ. ಅರ್ಧಕ್ಕರ್ಧ ಗಂಟು ಅಲ್ಲೇ ಬಿಡಿಸಿಕೊಳ್ಳುತ್ತದೆ. ಸಾಲುಗಳ ನಡುವಿನ ಅಂತರ ಸರಿಪಡಿಸಲು ಡಿಮ್‌ಸ್ಪೇಸ್ ಇದೆ; ಅದರ ಆಟೋ ಅಂತರ ಅಕ್ಷರದ ಎತ್ತರದ ಎರಡರಷ್ಟು.

ಬಾಣದ ಬಳಿ ಒಂದೇ ಸಂದು ಬೇಕೆಂದಾಗ ಡಿಮ್‌ಬ್ರೇಕ್‌ನ ಮ್ಯಾನ್ಯುವಲ್ ಆಯ್ಕೆ ಕೂಡ ಬಳಸಬಹುದು. ಎರಡು ಬಿಂದು ಕ್ಲಿಕ್ ಮಾಡಿ, ನಡುವಿನದು ಮಾಯ. ಆದರೆ ಗೆರೆ ಸರಿದರೆ ಈ ಸಂದು ಹಿಂಬಾಲಿಸುವುದಿಲ್ಲ, ಹಳೆಯ ಜಾಗದಲ್ಲೇ ಖಾಲಿ ಉಳಿಯುತ್ತದೆ. ಆಟೋದಲ್ಲಿ ಬಿದ್ದದ್ದು ಗೆರೆಯ ಜೊತೆ ಸರಿಯುತ್ತದೆ. ಅಲ್ಲಿಯೂ ಆಮೇಲೆ ಹೊಸದಾಗಿ ಎಳೆದ ಗೆರೆಗೆ ತಾನಾಗಿ ಸಂದು ಬೀಳದು, ಕಮಾಂಡನ್ನು ಮತ್ತೆ ಕೊಡಬೇಕು.

ಕಮಾಂಡ್ ಕೊಟ್ಟರೂ ಸಂದು ಕಾಣದಿದ್ದರೆ ಮೂರು ಕಡೆ ನೋಡಿ. ದಾಟುವ ಬಿಂದು ಅದೇ ಡೈಮೆನ್ಷನ್‌ನ ಬಾಣದ ಮೇಲೋ ಅಂಕಿಯ ಮೇಲೋ ಇದ್ದರೆ ಸಂದು ಬೀಳುವುದಿಲ್ಲ. ಡೈಮೆನ್ಷನ್ ಬ್ಲಾಕ್ (ಒಂದಾಗಿ ಕಟ್ಟಿದ ವಸ್ತುಗಳ ಗುಂಪು) ಅಥವಾ ಎಕ್ಸ್‌ರೆಫ್ (ಹೊರಗಿನಿಂದ ಜೋಡಿಸಿದ ಬೇರೆ ನಕ್ಷೆಯ ಕಡತ) ಒಳಗಿದ್ದರೂ ಇಲ್ಲ. ಡೈಮೆನ್ಷನ್ ಲೇಔಟ್‌ನಲ್ಲಿದ್ದು (ಮುದ್ರಣದ ಹಾಳೆ) ಗೆರೆ ಮಾಡೆಲ್ ಸ್ಪೇಸ್‌ನಲ್ಲಿದ್ದರೆ (ಭಾಗವನ್ನು ಬಿಡಿಸುವ ಜಾಗ) ಆಟೋ ಸೋಲುತ್ತದೆ, ಮ್ಯಾನ್ಯುವಲ್ ಒಂದೇ ದಾರಿ. ಬೇಡವಾದ ಸಂದು ತೆಗೆಯಲು ಡಿಮ್‌ಬ್ರೇಕ್ ಕೊಟ್ಟು, ಡೈಮೆನ್ಷನ್ ಆರಿಸಿ, ರಿಮೂವ್ ಒತ್ತಿ.